ಪೊಳ್ಳು ಫರಸಿ

ಬಾಣೇರ ರೋಡಿಗೆ ಹೊಸಾ ಹೊಟೇಲು,
ತೆರದು ಇನ್ನಾ ಆರು ದಿನ.
'ಥೋಡಂ ಅಜೂನ್' ಅಂತ ಬೋರ್ಡು,
ಬಾಗಲದ ಚೆಂಡುಹೂವು ಪೂರಾ ಬಾಡಿಲ್ಲ.
ಗ್ವಾಡಿಗೆ ಒಂದು ಸೈಕಲ್ಲು ತೂಗಹಾಕ್ಯಾರ,
ಯಾರೂ ಹತ್ತಂಗಿಲ್ಲ ಅದನ್ನ.

ಇವರು ಬಿಳೇ ಅಂಗಿ ಹಾಕ್ಕೊಂಡಾರ,
ಉಗುರ ಸಂದ್ಯಾಗಿನ ಸಿಮೆಂಟು ಮಾತ್ರ ಹೋಗಿಲ್ಲ.
ನಾ ಮೂರು ಮನಿ ಚಪಾತಿ ಲಟ್ಟಿಸಿ
ನಾಕನೇ ಮನಿಗೆ ಜ್ವರ ಅಂತ ಸುಳ್ಳು ಹೇಳಿ ಬಂದೀನಿ.
ಗಾಜಿನ ಬಾಗಲಾ ನೂಕೂದೋ ಎಳಿಯೂದೋ ಅಂತ ನಿಂತ್ರ
ಇವರು ಎಳದು ಸೀದಾ ಒಳಗ ನಡದರು,
ತಮ್ಮ ಮನೀನ ಅನ್ನೂವಂಗ.
ಯಾಕಾಗಬಾರದು?
ಎರಡು ತಿಂಗಳು ಇಲ್ಲೇ ಮಲಗ್ಯಾರ,
ಉಸುಕಿನ ಚೀಲದ ಮ್ಯಾಲ.

ಕಿಡಕಿ ಬಾಜೂ ಕುಂಡ್ರಿ ಕಾಕಾ, ಗಾಳಿ ಬರತೈತಿ
ಅಂತ ಮರಾಠಿಯೊಳಗ ಅಂದಾ ಹುಡುಗ.
ಬ್ಯಾಡ, ಅಲ್ಲಿ ಅಂದ್ರು ಇವರು.
ಅಲ್ಲಿ ಅಂದ್ರ ಎಲ್ಲಿ?
ಕೈ ತೊಳಿಯೂ ಬೇಸಿನ್ ಹಂತ್ಯಾಕ!
ಮಂದಿ ಬಾಯಿ ಮುಕ್ಕಳಿಸೂದು ಕೇಳಕೋತ
ಯಾರರ ಉಣ್ಣತಾರೇನು?
ನಾಚಿಕಿ ಇರಬೇಕು ಪಾಪ ಅಂತ ಸುಮ್ನ ಕುಂತೆ.

ಕಾರ್ಡಿನ್ಯಾಗ ಎಲ್ಲಾ ಇಂಗ್ಲಿಷು.
ಹುಡುಗ ಓದಿ ಹೇಳಿದ: ಮಿಸಳ ಪಾಸ್ತಾ, ಎರಡನೂರಾ ಅರವತ್ತು.
ನಮ್ಮನಿ ಒಂದು ತಿಂಗಳ ಎಣ್ಣಿ ಅದು.
ಒಂದ ತಾ, ಚಮಚ ಎರಡು ತಾ, ಅಂದೆ ನಾನು.
ತಂದಿಟ್ಟ ನೋಡ್ರಿ, ಕಬ್ಬಣದ ಸಣ್ಣ ಬುಟ್ಟ್ಯಾಗ!
ಇವರ ಸಿಮೆಂಟು ಕಲಸೂ ಬುಟ್ಟಿ
ಮರಿ ಹಾಕಿದಂಗ ಇತ್ತು.
ನನಗ ನಗಿ ತಡಿಲಿಲ್ಲ.
ಇವರು ನಗಲಿಲ್ಲ.

ಬಳ್ಳೊಳ್ಳಿ ಚೂರು ಹೊತ್ತಿತ್ತು.
ಆದ್ರ ಯಾರೋ ಮಾಡಿದ್ದನ್ನ
ನಾ ಕುಂತು ತಿನ್ನಾಕತ್ತೀನಿ,
ಹೊತ್ತಿದ್ದೂ ರುಚೀನ ಅನಿಸ್ತು.

ಇವರು ತಿನ್ನವಲ್ಲರು.
ಬಲಗಾಲು ಟೇಬಲ್ಲಿನ ಹೊರಗ ಚಾಚಿ
ಫರಸಿ ಮ್ಯಾಲ ಒತ್ತಿ ಹಿಡದಾರ.
ಬಂದೋರು 'ಜರಾ ಸರಕಾ' ಅಂದು
ಕಾಲು ಬಳಸಿ ಬೇಸಿನ್ನಿಗೆ ಹೋಗತಾರ.
ಕಾಲು ಜೋಮು ಹಿಡದೈತೇನ್ರಿ? ಅಂದೆ.
ಬಗ್ಗಿ, ಕಳ್ಳರಂಗ, ಮೆಲ್ಲಕ ಅಂದ್ರು:
'ಇದರ ಕೆಳಗ ಮಾಲಿಲ್ಲ.'

ಶೇಠ ಮುಹೂರ್ತ ಇಟ್ಟಿದ್ದ, ಹಿಂದಿನ ರಾತ್ರಿ ಸಿಮೆಂಟು ತೀರಿತ್ತು,
ಅಂಗಡಿ ಮುಚ್ಚಿತ್ತು.
ನಾಕು ಮೂಲಿಗೆ ನಾಕು ಉಂಡಿ ಇಟ್ಟು
ಕುಂಡ್ರಿಸಿಬಿಟ್ಟಾರ. ನಡುವ ಖಾಲಿ.
ನೂರಾ ಎಂಬತ್ತಾರು ಫರಸಿಯೊಳಗ ಇದೊಂದು.
ಹಿಮ್ಮಡದಲೆ ಬಡದು ತೋರಿಸಿದ್ರು,
ಬಾಜೂಕಿಂದು ಟಪ್.
ಇದು, ಡುಬ್.

ನನಗೇನೂ ಫರಕ ತಿಳಿಲಿಲ್ಲ.
ಕಾಲು ಎಳಕೋರಿ, ಆರತೈತಿ, ತಿನ್ರಿ ಅಂದೆ.
ಎಳಕೊಂಡರು.
ಎತ್ತರದ ಚಪ್ಪಲಿಯಾಕಿ ಬಂದ್ಲು, ಟಪ್ ಟಪ್ ಟಪ್ ಡುಬ್.
ಫೋನಿನ್ಯಾಗ ಮಾತಾಡಕೋತ ಒಬ್ಬಾವ, ಟಪ್ ಟಪ್ ಡುಬ್.
ಅಯ್ಯ! ಈಗ ನನಗೂ ಕೇಳಾಕತ್ತು.
ಒಮ್ಮಿ ಕೇಳಿದ ಮ್ಯಾಲ ಬ್ಯಾರೇ ಏನೂ ಕೇಳವಲ್ದು,
ಹಾಡಿಲ್ಲ, ಮಿಕ್ಸರ್ ಇಲ್ಲ, ಅದೊಂದ.
ಪ್ರತಿ ಡುಬ್ಬಿಗೂ ಇವರ ಚಮಚ ನಿಲ್ಲತಿತ್ತು.
ಮಂದಿ ಮಾತ್ರ ಕೈ ತೊಳಕೊಂಡು
ಕನ್ನಡ್ಯಾಗ ಹಲ್ಲು ನೋಡಕೊಂಡು ಹೋಗತಿದ್ರು.

ಆಮ್ಯಾಲ ಒಂದು ಕೂಸು ಬಂತು,
ಐದು ವರ್ಷದ್ದಿರಬೇಕು, ಹಸೀ ಕೈ ಝಾಡಿಸಕೋತ.
ಡುಬ್.
ನಿಂತ್ಲು.
ಒಂದು ಹೆಜ್ಜಿ ಹಿಂದ: ಟಪ್.
ಒಂದು ಹೆಜ್ಜಿ ಮುಂದ: ಡುಬ್.
ಎರಡೂ ಕಾಲು ಜೋಡಿಸಿ ಜಿಗದ್ಲು.
ಇವರು ಉಸರ ಹಿಡದಾರ,
ಗದ್ದಕ್ಕ ಮಿಸಳದ ಕೆಂಪು ಎಣ್ಣಿ.
'ಮಿಹಿಕಾ, ಚಲ್' ಅಂತ ಆ ಕಡಿಂದ ಅವ್ವ ಕರದ್ಲು.
ಕೂಸು ಹೋಗಲಿಲ್ಲ.
ಕುಕ್ಕರಗಾಲಿಲೆ ಕುಂತು, ಬೆರಳು ಮಡಚಿ,
ಬಾಗಲಾ ಬಡದಂಗ ಬಡದ್ಲು ಫರಸೀನ.
ಎರಡು ಸಲ.

ಇವರು ನನ್ನ ಮಾರಿ ನೋಡಿದ್ರು.
ನಾ ಏನೂ ಅನ್ನಲಿಲ್ಲ.
ಟೇಬಲ್ ಕೆಳಗ, ಯಾರಿಗೂ ಕಾಣದಂಗ,
ಹಿಮ್ಮಡದಲೆ
ಇವರೂ ಎರಡು ಸಲ ಬಡದರು.

ಕೂಸು ಕಣ್ಣರಳಿಸಿ,
ಕೂದಲಾ ಹಿಂದ ಸರಿಸಿ,
ಕಿವಿ ಇಟ್ಟಳು ಫರಸಿಗೆ.